ಚಳಿಗಾಲಕ್ಕೆ ವಿದ್ಯುತ್ ಹೀಟರ್: ಕೊಳ್ಳುವ ಮುನ್ನ ಕೋಣೆಯನ್ನೂ ತಂತಿಯನ್ನೂ ನೋಡಿ

ಹಿಂಗಾರಿ ಜೋಳ ಮೊಣಕಾಲೆತ್ತರಕ್ಕೆ ಬೆಳೆದು ಕಡಲೆ ಹೂ ಬಿಡುವ ಹೊತ್ತಿಗೆ ಮಾರ್ಗಶಿರ, ಪುಷ್ಯ ಮಾಸಗಳ ಚಳಿ ಮನೆಯೊಳಗೆ ಕಾಲಿಡುತ್ತದೆ. ಗೋಧಿ, ಕಡಲೆ ಬೆಳೆಗಳಿಗೆ ಈ ತಂಪು ಹವೆ ಬೇಕೇ ಬೇಕು. ಆದರೆ ಮನೆಯಲ್ಲಿರುವ ವೃದ್ಧರಿಗೆ, ಬಾಣಂತಿಗೆ, ಹಸುಗೂಸಿಗೆ ಅದೇ ಹವೆ ಕಷ್ಟ ಕೊಡುತ್ತದೆ. ಬೀದರ್, ವಿಜಯಪುರದಂಥ ಬಯಲುಸೀಮೆಯ ಜಿಲ್ಲೆಗಳಲ್ಲಿ ಕೆಲವು ರಾತ್ರಿ ಉಷ್ಣತೆ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿಯುವುದುಂಟು. ಕೊಡಗು, ಚಿಕ್ಕಮಗಳೂರಿನ ತೋಟದ ಮನೆಗಳಲ್ಲಿ ಚಳಿಯ ಜೊತೆಗೆ ಮಂಜೂ ಸೇರಿಕೊಳ್ಳುತ್ತದೆ.

ಬೆಳೆಯ ವಿಷಯ ಬರೆಯುವವರಿಗೆ ಹೀಟರಿನ ಗೊಡವೆ ಏಕೆ ಎಂದು ನೀವು ಕೇಳಬಹುದು. ಚಳಿಗಾಲದಲ್ಲಿ ಹೊಲಗಳಿಗೆ ಭೇಟಿ ಕೊಟ್ಟಾಗಲೆಲ್ಲ ಬೆಳೆಯ ಮಾತು ಮುಗಿದ ಮೇಲೆ ರೈತರು ಕೇಳುವ ಪ್ರಶ್ನೆ ಒಂದಿದೆ: "ಮನೆಗೆ ಒಂದು ಹೀಟರ್ ತರಬೇಕು, ಯಾವುದು ಒಳ್ಳೆಯದು?" ಈ ಪ್ರಶ್ನೆಗೆ ಯಾವುದೋ ಒಂದು ಹೆಸರು ಹೇಳಿಬಿಟ್ಟರೆ ಉತ್ತರವಾಗುವುದಿಲ್ಲ. ನಿಮ್ಮ ಕೋಣೆ ಎಂಥದು, ಗೋಡೆಯೊಳಗಿನ ತಂತಿ ಎಂಥದು, ಬಿಸಿ ಯಾರಿಗೆ ಬೇಕು ಎಂಬ ಮೂರು ಸಂಗತಿಗಳನ್ನು ನೋಡಿದ ಮೇಲೆ ಯಂತ್ರದ ಮಾತು. ಈ ಕ್ರಮವನ್ನೇ ಇಲ್ಲಿ ವಿವರಿಸಲಾಗಿದೆ.

ಮುಚ್ಚಿದ ಕೋಣೆಯಲ್ಲಿ ಕೆಂಡ ಬೇಡ

ನಮ್ಮಲ್ಲಿ ಬಹುಕಾಲದಿಂದ ಚಳಿಗೆ ಉಪಾಯವೆಂದರೆ ಕೆಂಡ. ಅಗ್ಗಿಷ್ಟಿಕೆಯಲ್ಲಿ ಇದ್ದಿಲು ಹೊತ್ತಿಸಿ ಕೋಣೆಯಲ್ಲಿಡುವುದು, ಬಾಣಂತಿಯ ಹೊರಸಿನ ಕೆಳಗೆ ಕೆಂಡದ ಬೋಗುಣಿ ಇಡುವುದು ಇಂದಿಗೂ ಇದೆ. ಗಾಳಿಯಾಡುವ ಪಡಸಾಲೆಯಲ್ಲಿ ಇದರಿಂದ ಅಷ್ಟು ಅಪಾಯವಿರಲಿಲ್ಲ. ಈಗ ಮನೆಗಳಿಗೆ ಕಾಂಕ್ರೀಟು ಚಾವಣಿ ಬಂದಿದೆ, ಬಾಗಿಲು ಕಿಟಕಿಗಳು ಬಿಗಿಯಾಗಿ ಮುಚ್ಚಿಕೊಳ್ಳುತ್ತವೆ. ಇಂಥ ಕೋಣೆಯಲ್ಲಿ ಕೆಂಡ ಇಟ್ಟು ಮಲಗಿದರೆ ಅದು ಸಾವಿಗೆ ಕಾರಣವಾಗಬಹುದು.

ಕೆಂಡಕ್ಕೆ ಸಾಕಷ್ಟು ಗಾಳಿ ದೊರೆಯದಿದ್ದಾಗ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ಹೆಚ್ಚಾಗಿ ಉತ್ಪತ್ತಿಯಾಗುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆ ಆರಿದ ಕೆಂಪು ಕೆಂಡದಿಂದಲೂ ಇದು ಹೊರಡುತ್ತದೆ. ರಕ್ತದಲ್ಲಿರುವ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಂಡು ಉಸಿರಾಟದ ಪ್ರಯೋಜನವನ್ನೇ ತಪ್ಪಿಸುತ್ತದೆ. ಮೊದಲು ತಲೆನೋವು, ತಲೆಸುತ್ತು, ಓಕರಿಕೆ, ಅನಂತರ ಮಂಪರು. ನಿದ್ದೆಯಲ್ಲಿರುವವರಿಗೆ ಇದೊಂದೂ ತಿಳಿಯುವುದಿಲ್ಲ. ಅಂಥ ಸಂದರ್ಭ ಕಂಡರೆ ಕೂಡಲೇ ಬಾಗಿಲು ತೆರೆದು, ಒಳಗಿರುವವರನ್ನು ಹೊರಗೆ ಗಾಳಿಗೆ ತಂದು, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ವಿದ್ಯುತ್ ಹೀಟರಿನಲ್ಲಿ ಏನೂ ಉರಿಯುವುದಿಲ್ಲ. ಆದುದರಿಂದ ಈ ಅನಿಲದ ಭಯವಿಲ್ಲ. ಹೀಟರ್ ಕೊಳ್ಳಲು ಇದೇ ದೊಡ್ಡ ಕಾರಣ. ಆದರೆ ಒಂದು ಅಪಾಯವನ್ನು ತಪ್ಪಿಸಲು ಹೋಗಿ ಇನ್ನೊಂದನ್ನು ಮನೆಗೆ ತರಬಾರದು.

ಒಂದು ಯೂನಿಟ್ಟಿಗೆ ಒಂದೇ ಶಾಖ

ಅಂಗಡಿಯಲ್ಲಿ "ಇದು ಕಡಿಮೆ ಕರೆಂಟಿನಲ್ಲಿ ಹೆಚ್ಚು ಬಿಸಿ ಕೊಡುತ್ತದೆ" ಎಂದು ಹೇಳುವುದನ್ನು ನೀವು ಕೇಳಿರಬಹುದು. ಇದನ್ನು ನಂಬಬೇಕಾಗಿಲ್ಲ. ಒಂದು ಯೂನಿಟ್ ವಿದ್ಯುತ್ತಿನಿಂದ ಬರುವ ಶಾಖ ಸುಮಾರು 860 ಕಿಲೋ ಕ್ಯಾಲೊರಿ. ಎಂಟುನೂರು ರೂಪಾಯಿಯ ಹೀಟರ್ ಆಗಲಿ, ಎಂಟು ಸಾವಿರದ್ದಾಗಲಿ, ಕೊಡುವುದು ಇಷ್ಟನ್ನೇ. ಯೂರಿಯಾ ಚೀಲದಲ್ಲಿ ಶೇಕಡಾ 46 ಭಾಗ ಸಾರಜನಕವಿದೆ, ಅಮೋನಿಯಂ ಸಲ್ಫೇಟಿನಲ್ಲಿ ಸುಮಾರು 20 ಭಾಗವಿದೆ. ಚೀಲ ಬೇರೆಯಾದರೂ ಒಂದು ಕಿಲೋ ಸಾರಜನಕ ಒಂದು ಕಿಲೋ ಸಾರಜನಕವೇ ಅಲ್ಲವೆ? ಹಾಗೆಯೇ ಇದು.

ಬಿಸಿಗಾಳಿಯನ್ನೂ ಕೊಡುವ ಹವಾನಿಯಂತ್ರಕ ಮಾತ್ರ ಇದಕ್ಕೆ ಅಪವಾದ. ಅದು ಹೊರಗಿನ ಗಾಳಿಯಲ್ಲಿರುವ ಶಾಖವನ್ನು ಎತ್ತಿ ಒಳಗೆ ತರುತ್ತದೆ. ಪಂಪು ನೀರನ್ನು ತಯಾರಿಸುವುದಿಲ್ಲ, ಎತ್ತುತ್ತದೆ, ಹಾಗೆ. ಅದರ ಬೆಲೆ ಹೆಚ್ಚಾದ್ದರಿಂದ ಇಲ್ಲಿ ಆ ವಿಷಯವನ್ನು ಬಿಟ್ಟಿದೆ.

ಹಾಗಾದರೆ ಹೆಚ್ಚಿನ ಬೆಲೆ ಕೊಟ್ಟು ನಾವು ಕೊಳ್ಳುವುದು ಏನನ್ನು? ಶಾಖವನ್ನಲ್ಲ, ಸುರಕ್ಷತೆಯನ್ನು ಮತ್ತು ಶಾಖ ಹರಡುವ ರೀತಿಯನ್ನು.

ಕೋಣೆಗೆ ಬಿಸಿಯೋ, ಮನುಷ್ಯನಿಗೆ ಬಿಸಿಯೋ?

ಒಂದು ಲೆಕ್ಕ ನೋಡೋಣ. 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ಕೋಣೆಯಲ್ಲಿರುವ ಗಾಳಿಯ ತೂಕ ಸುಮಾರು 40 ಕಿಲೋಗ್ರಾಂ. ಇಷ್ಟು ಗಾಳಿಯ ಉಷ್ಣತೆಯನ್ನು 10 ಡಿಗ್ರಿ ಏರಿಸಲು ಬೇಕಾದದ್ದು ಸುಮಾರು 100 ಕಿಲೋ ಕ್ಯಾಲೊರಿ, ಅಂದರೆ ಒಂದು ಯೂನಿಟ್ಟಿನ ಒಂಬತ್ತನೆಯ ಒಂದು ಭಾಗದಷ್ಟು. 1000 ವ್ಯಾಟಿನ ಹೀಟರಿಗೆ ಇದು ಏಳು ನಿಮಿಷದ ಕೆಲಸ. ಆದರೂ ಗಂಟೆಗಟ್ಟಲೆ ಉರಿಸಿದರೂ ಕೋಣೆ ಬೆಚ್ಚಗಾಗಲಿಲ್ಲ ಎಂಬ ದೂರು ಏಕೆ?

ಕಾರಣವನ್ನು ರೈತರಿಗೆ ಹೇಳಿಕೊಡಬೇಕಾಗಿಲ್ಲ. ಸೋರುವ ಕಾಲುವೆಯಲ್ಲಿ ಎಷ್ಟು ನೀರು ಬಿಟ್ಟರೂ ಹೊಲದ ತುದಿಗೆ ಮುಟ್ಟುವುದಿಲ್ಲ. ಬಿಸಿಯಾದ ಗಾಳಿ ಹಗುರವಾಗಿ ಮೇಲೇರಿ ಹಂಚಿನ ಸಂದುಗಳಿಂದ ಹೊರಟುಹೋಗುತ್ತದೆ. ಬಾಗಿಲ ಕೆಳಗಿನಿಂದ ತಣ್ಣನೆಯ ಗಾಳಿ ಒಳಗೆ ಬರುತ್ತದೆ. ಉಳಿದ ಶಾಖವನ್ನು ಗೋಡೆ, ಚಾವಣಿ ಹೀರಿಕೊಳ್ಳುತ್ತವೆ. ಆದುದರಿಂದ ಮನೆಯ ಚಾವಣಿಯನ್ನು ನೋಡಿ ಹೀಟರ್ ಆರಿಸಬೇಕು.

ಅಟ್ಟವಿಲ್ಲದ ಹಂಚಿನ ಮನೆ, ತಗಡಿನ ಮನೆ, ದೊಡ್ಡ ಪಡಸಾಲೆ ಇವುಗಳಲ್ಲಿ ಕೋಣೆಯನ್ನೆಲ್ಲ ಬಿಸಿ ಮಾಡಲು ಹೊರಟರೆ ದುಡ್ಡು ಮಾಡಿನ ಮೇಲೆ ಹೋಗುತ್ತದೆ. ಇಲ್ಲಿ ಬಿಸಿಲಿನಂತೆ ನೇರವಾಗಿ ಮೈಗೆ ತಾಗುವ ಕಂಬಿ ಹೀಟರ್ ಸರಿ. ಹೊಲಕ್ಕೆಲ್ಲ ನೀರು ಹಾಯಿಸುವ ಬದಲು ಹನಿ ನೀರಾವರಿಯಲ್ಲಿ ಗಿಡದ ಬುಡಕ್ಕೆ ಕೊಟ್ಟಂತೆ. ಕಾಂಕ್ರೀಟು ಚಾವಣಿಯ, ಬಾಗಿಲು ಹಾಕಿಕೊಳ್ಳಬಹುದಾದ ಸಣ್ಣ ಮಲಗುವ ಕೋಣೆಯಲ್ಲಾದರೆ ಇಡೀ ಕೋಣೆಯನ್ನು ನಿಧಾನವಾಗಿ ಬಿಸಿ ಮಾಡುವ ಹೀಟರ್ ಪ್ರಯೋಜನಕಾರಿ. ಇಂಥ ಕೋಣೆಗೆ ಚದರ ಅಡಿಗೆ 10 ವ್ಯಾಟ್ ಎಂಬುದು ಚಳಿದೇಶಗಳಲ್ಲಿ ಬಳಸುವ ಸ್ಥೂಲ ಅಂದಾಜು. ನಮ್ಮ ಚಳಿ ಅಷ್ಟು ಕಡುವಲ್ಲದ್ದರಿಂದ 120 ಚದರ ಅಡಿಯ ಕೋಣೆಗೆ 1000 ವ್ಯಾಟ್ ಸಾಮಾನ್ಯವಾಗಿ ಸಾಕು.

ಹೀಟರುಗಳ ಬಗೆಗಳು

1. ಕಂಬಿ ಹೀಟರ್: ಇದರಲ್ಲಿ ಕ್ವಾರ್ಟ್ಜ್ ಕೊಳವೆ ಅಥವಾ ಹ್ಯಾಲೊಜನ್ ದೀಪ ಕೆಂಪಗೆ ಕಾಯುತ್ತದೆ. ಹಾಕಿದ ಕೂಡಲೇ ಬಿಸಿ ಬರುತ್ತದೆ. ಬೆಲೆ ಕಡಿಮೆ. ಸಾಮಾನ್ಯವಾಗಿ 400 ವ್ಯಾಟಿನ ಎರಡು ಕಂಬಿಗಳಿರುತ್ತವೆ; ಬೇಕಾದರೆ ಒಂದನ್ನೇ ಹಾಕಬಹುದು. ಎದುರಿಗೆ ಕುಳಿತವರಿಗೆ ಮಾತ್ರ ಬಿಸಿ. ಬಟ್ಟೆ ತಾಗಿದರೆ ಹೊತ್ತಿಕೊಳ್ಳುತ್ತದೆ, ಮಕ್ಕಳು ಬೆರಳು ತೂರಿಸುವ ಭಯವಿದೆ. ಎಚ್ಚರವಾಗಿರುವಾಗ ಬಳಸಲು ತಕ್ಕದ್ದು, ಮಲಗುವಾಗ ಬೇಡ.

2. ಗಾಳಿಯೂದುವ ಹೀಟರ್: ಕಾದ ಸುರುಳಿಯ ಮೇಲೆ ಫ್ಯಾನು ಗಾಳಿ ಊದುತ್ತದೆ. ಮುಚ್ಚಿದ ಸಣ್ಣ ಕೋಣೆಯನ್ನು ಬೇಗ ಬೆಚ್ಚಗೆ ಮಾಡುತ್ತದೆ. ಬಹುಪಾಲು 1000 ಮತ್ತು 2000 ವ್ಯಾಟ್ ಎಂಬ ಎರಡು ಮಟ್ಟಗಳಿರುತ್ತವೆ. ಸದ್ದು ಮಾಡುತ್ತದೆ. ಧೂಳು, ಹೊಟ್ಟು, ಹತ್ತಿಯ ಎಳೆ ಇರುವ ಮನೆಯಲ್ಲಿ ಅವನ್ನು ಒಳಗೆ ಎಳೆದುಕೊಂಡು ಸುಟ್ಟ ವಾಸನೆ ಬರುತ್ತದೆ. ಒಕ್ಕಣೆಯ ಕಾಲದಲ್ಲಿ ಇದನ್ನು ಆಗಾಗ್ಗೆ ಶುಚಿ ಮಾಡಬೇಕು.

3. ಎಣ್ಣೆ ತುಂಬಿದ ಹೀಟರ್: ಪಕ್ಕೆಲುಬಿನಂಥ ತಗಡುಗಳೊಳಗೆ ಎಣ್ಣೆಯನ್ನು ಮುಚ್ಚಿಟ್ಟಿರುತ್ತಾರೆ. ಎಣ್ಣೆ ಉರಿಯುವುದಿಲ್ಲ, ತುಂಬಿಸುವ ಕೆಲಸವೂ ಇಲ್ಲ. ಬಿಸಿಯೇರಲು ಕಾಲು ಗಂಟೆಗೂ ಹೆಚ್ಚು ಬೇಕು. ಆದರೆ ಕರೆಂಟು ಹೋದ ಮೇಲೂ ಸ್ವಲ್ಪ ಹೊತ್ತು ಬಿಸಿ ಉಳಿಯುತ್ತದೆ. ಸದ್ದಿಲ್ಲ, ಬೆಳಕಿಲ್ಲ, ಕೆಂಪಗೆ ಕಾದ ಭಾಗ ಹೊರಗೆ ಕಾಣುವುದಿಲ್ಲ. ತೂಕ ಹೆಚ್ಚು, ಬೆಲೆಯೂ ಹೆಚ್ಚು. ಬಾಣಂತಿ, ವೃದ್ಧರು ಮಲಗುವ ಮುಚ್ಚಿದ ಕೋಣೆಗೆ ಇದು ಉತ್ತಮ.

ಬಯಲು ಸುರುಳಿಯ ಅಡುಗೆ ಒಲೆಯನ್ನು ಕೋಣೆ ಕಾಯಿಸಲು ಇಡುವುದು ಕೆಲವೆಡೆ ಕಂಡುಬರುತ್ತದೆ. ಅದರ ಸುರುಳಿಯಲ್ಲಿ ವಿದ್ಯುತ್ ಬಯಲಾಗಿಯೇ ಹರಿಯುತ್ತಿರುತ್ತದೆ. ಹಾಗೆ ಎಂದಿಗೂ ಮಾಡಬಾರದು.

ತಂತಿ, ಪ್ಲಗ್ಗು, ಅರ್ಥಿಂಗ್

ಇಲ್ಲಿ ನನ್ನ ಮನೆಯಲ್ಲಿಯೇ ನಡೆದದ್ದನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ ಪುಷ್ಯ ಮಾಸದಲ್ಲಿ ತಂಗಿಯ ಬಾಣಂತನ ಹಳ್ಳಿಯ ಮನೆಯಲ್ಲಾಯಿತು. ಹೊರಸಿನ ಕೆಳಗೆ ಕೆಂಡ ಇಡಲು ಹೊರಟ ತಾಯಿಯವರನ್ನು ತಡೆದು, ಪೇಟೆಯಿಂದ 2000 ವ್ಯಾಟಿನ ಗಾಳಿಯೂದುವ ಹೀಟರ್ ತಂದೆ. ಕೋಣೆಯಲ್ಲಿ ದೊಡ್ಡ ಸಾಕೆಟ್ಟು ಇರಲಿಲ್ಲ. ಜೋಡಣೆಯ ತಿರುಪು ಕೊಂಡು ದೀಪದ ಬೋರ್ಡಿಗೆ ಸಿಕ್ಕಿಸಿದೆ. ಮೂರನೆಯ ರಾತ್ರಿ ಕೂಸಿಗೆ ಹಾಲೂಡಿಸಲು ಎದ್ದ ತಂಗಿಗೆ ಸುಟ್ಟ ವಾಸನೆ ಬಂತು. ನೋಡಿದರೆ ಸಾಕೆಟ್ಟು ಕರಗಿ ಗೋಡೆ ಕಪ್ಪಾಗಿತ್ತು. ಅರ್ಧ ಗಂಟೆ ತಡವಾಗಿದ್ದರೆ ಪಕ್ಕದ ಕಿಟಕಿಯ ಪರದೆ ಹೊತ್ತಿಕೊಳ್ಳುತ್ತಿತ್ತು. "ಕೆಂಡ ಆದ್ರ ಕಣ್ಣಿಗೆ ಕಾಣತೈತಿ ಯಪ್ಪಾ, ನಿನ್ನ ಬೆಂಕಿ ಗ್ವಾಡಿ ಒಳಗ ಅಡಗಿ ಕುಂತಿತ್ತು" ಎಂದರು ತಾಯಿ. ಆ ಮಾತಿಗೆ ನನ್ನ ಬಳಿ ಉತ್ತರವಿರಲಿಲ್ಲ. ಹೀಟರಿನಲ್ಲಿ ಯಾವ ದೋಷವೂ ಇರಲಿಲ್ಲ, ತಪ್ಪು ನನ್ನದು.

ಲೆಕ್ಕ ಸರಳವಾದದ್ದು. ವ್ಯಾಟನ್ನು 230 ವೋಲ್ಟಿನಿಂದ ಭಾಗಿಸಿದರೆ ಹರಿಯುವ ವಿದ್ಯುತ್ತು ಎಷ್ಟು ಆಂಪಿಯರ್ ಎಂಬುದು ತಿಳಿಯುತ್ತದೆ. ದೀಪ, ಫ್ಯಾನುಗಳ ಸಣ್ಣ ಮೂರು ಕಡ್ಡಿಯ ಸಾಕೆಟ್ಟು 6 ಆಂಪಿಯರಿನದು. ದೊಡ್ಡದು 16 ಆಂಪಿಯರಿನದು. ಕೆಳಗಿನ ಕೋಷ್ಟಕವನ್ನು ನೋಡಿ.

ಕೋಷ್ಟಕ: ಹೀಟರಿನ ವ್ಯಾಟ್, ವಿದ್ಯುತ್ತು, ಸಾಕೆಟ್ಟು ಮತ್ತು ಖರ್ಚು (ದಿನಕ್ಕೆ 4 ಗಂಟೆ, 30 ದಿನ)
400 ವ್ಯಾಟ್ – 1.7 ಆಂಪಿಯರ್ – 6 ಆಂಪಿಯರ್ ಸಾಕೆಟ್ಟು – 48 ಯೂನಿಟ್
800 ವ್ಯಾಟ್ – 3.5 ಆಂಪಿಯರ್ – 6 ಆಂಪಿಯರ್ ಸಾಕೆಟ್ಟು – 96 ಯೂನಿಟ್
1000 ವ್ಯಾಟ್ – 4.3 ಆಂಪಿಯರ್ – 16 ಆಂಪಿಯರ್ ಲೇಸು – 120 ಯೂನಿಟ್
1500 ವ್ಯಾಟ್ – 6.5 ಆಂಪಿಯರ್ – 16 ಆಂಪಿಯರ್ ಕಡ್ಡಾಯ – 180 ಯೂನಿಟ್
2000 ವ್ಯಾಟ್ – 8.7 ಆಂಪಿಯರ್ – 16 ಆಂಪಿಯರ್ ಕಡ್ಡಾಯ – 240 ಯೂನಿಟ್

16 ಆಂಪಿಯರ್ ಸಾಕೆಟ್ಟಿಗೆ ಮೀಟರಿನ ಬೋರ್ಡಿನಿಂದ ಪ್ರತ್ಯೇಕವಾಗಿ ತಾಮ್ರದ ತಂತಿ ಎಳೆಸಬೇಕು. ಅದು 2.5 ಚದರ ಮಿಲಿಮೀಟರಿಗೆ ಕಡಿಮೆ ಇರಬಾರದು. ಬಿಲ್ಲಿನ ಮೇಲೆ ಬರೆದಿರುವ ಮಂಜೂರಾದ ಹೊರೆಯನ್ನೂ ನೋಡಿಕೊಳ್ಳಿ. ಒಂದೆರಡು ದೀಪಗಳಿಗಾಗಿ ಸಂಪರ್ಕ ಪಡೆದ ಹಳೆಯ ಮನೆಗಳಲ್ಲಿ ಆ ತಂತಿಯ ಮೇಲೆ ಹೀಟರಿನ ಭಾರ ಹಾಕಲೇಬಾರದು. ತಂತಿಯ ತುದಿ ಸುಲಿದು, ಸಾಕೆಟ್ಟಿನ ತೂತಿಗೆ ತುರುಕಿ, ಬೆಂಕಿಕಡ್ಡಿ ಚುಚ್ಚುವ ಅಭ್ಯಾಸವನ್ನು ಇಂದೇ ಬಿಡಬೇಕು. ಫ್ಯೂಸ್ ಹೋದಾಗ ದಪ್ಪ ತಂತಿ ಸುತ್ತುವುದೂ ಹಾಗೆಯೇ. ಫ್ಯೂಸ್ ಹೋಗುವುದು ತೊಂದರೆಯಲ್ಲ. ತೊಂದರೆಯಿದೆ ಎಂಬ ಸೂಚನೆ.

ಹೀಟರಿನ ಮೈ ಲೋಹದ್ದಾಗಿದ್ದರೆ ಅರ್ಥಿಂಗ್ ಸರಿಯಾಗಿರುವುದು ಅತ್ಯವಶ್ಯ. ಪ್ಲಗ್ಗಿನ ದಪ್ಪ ಕಡ್ಡಿಯನ್ನು ಮುರಿದು ಬಳಸಬಾರದು. ಅರ್ಥಿಂಗ್ ಗುಂಡಿ ಒಣಗಿದ್ದರೆ ಅದರಿಂದ ಉಪಯೋಗವಿಲ್ಲ. ಆಗಾಗ್ಗೆ ನೀರು ಹಾಕಿ ತೇವವಾಗಿಡಬೇಕು. ಮೀಟರಿನ ಬಳಿ 30 ಮಿಲಿ ಆಂಪಿಯರಿನ ಸೋರಿಕೆ ರಕ್ಷಕ ಸ್ವಿಚ್ಚು ಹಾಕಿಸಿದರೆ, ಮೈಗೆ ವಿದ್ಯುತ್ತು ತಗುಲಿದ ಕ್ಷಣದಲ್ಲಿಯೇ ಅದು ಸಂಪರ್ಕ ಕಡಿಯುತ್ತದೆ. ಹೀಟರಿಗಿಂತ ಮೊದಲು ಖರ್ಚು ಮಾಡಬೇಕಾದದ್ದು ಇದಕ್ಕೆ.

ವೋಲ್ಟೇಜು ಕಡಿಮೆಯಾದಾಗ

ಹಳ್ಳಿಗಳಲ್ಲಿ ಸಂಜೆ ವೋಲ್ಟೇಜು ಇಳಿಯುವುದುಂಟು. ಆಗ ಹೀಟರಿನ ಶಾಖ ಅದಕ್ಕಿಂತ ವೇಗವಾಗಿ ಇಳಿಯುತ್ತದೆ. 230 ವೋಲ್ಟಿನಲ್ಲಿ 2000 ವ್ಯಾಟ್ ಕೊಡುವ ಹೀಟರ್ 180 ವೋಲ್ಟಿನಲ್ಲಿ ಕೊಡುವುದು ಸುಮಾರು 1200 ವ್ಯಾಟ್ ಮಾತ್ರ. ಮೀಟರು ಓಡುವುದೂ ಅಷ್ಟೇ ಆದ್ದರಿಂದ ಹಣ ನಷ್ಟವಾಗುವುದಿಲ್ಲ. ಆದರೆ ಗಾಳಿಯೂದುವ ಹೀಟರಿನಲ್ಲಿ ಫ್ಯಾನು ನಿಧಾನವಾಗಿ, ಒಳಗಿನ ಶಾಖ ರಕ್ಷಕವು ಆಗಾಗ್ಗೆ ಹೀಟರನ್ನು ನಿಲ್ಲಿಸಬಹುದು. ವೋಲ್ಟೇಜು ತೀರ ಕಡಿಮೆ ಇರುವ ಊರುಗಳಿಗೆ ಫ್ಯಾನಿಲ್ಲದ ಹೀಟರೇ ಮೇಲು. ಬ್ಯಾಟರಿಯ ಇನ್ವರ್ಟರಿಗೆ ಹೀಟರನ್ನು ಜೋಡಿಸಬಾರದು.

ಇನ್ನೊಂದು ಅಪಾಯ ಹಳ್ಳಿಗೇ ವಿಶೇಷವಾದದ್ದು. ಹೀಟರ್ ಹಾಕಿದ್ದಾಗ ಕರೆಂಟು ಹೋಗುತ್ತದೆ. ಮನೆಯವರು ಸ್ವಿಚ್ಚು ಆರಿಸುವುದನ್ನು ಮರೆತು ಮಲಗುತ್ತಾರೆ. ನಡುರಾತ್ರಿ ಕರೆಂಟು ಬಂದಾಗ ಅದರ ಮೇಲೆ ಕಂಬಳಿ ಬಿದ್ದಿರಬಹುದು. ಕರೆಂಟು ಹೋದ ಕೂಡಲೇ ಪ್ಲಗ್ಗನ್ನು ಕಿತ್ತಿಡುವುದನ್ನು ರೂಢಿ ಮಾಡಿಕೊಳ್ಳಿ.

ತಿಂಗಳ ಖರ್ಚು

ಕೋಷ್ಟಕದಲ್ಲಿರುವ ಯೂನಿಟ್ಟುಗಳನ್ನು ನಿಮ್ಮ ಬಿಲ್ಲಿನಲ್ಲಿರುವ ದರದಿಂದ ಗುಣಿಸಿದರೆ ಖರ್ಚು ತಿಳಿಯುತ್ತದೆ. ಕರ್ನಾಟಕದಲ್ಲಿ 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯ ಫಲಾನುಭವಿಗಳು ಇನ್ನೊಂದು ಲೆಕ್ಕವನ್ನೂ ಮಾಡಬೇಕು. ಈ ಯೋಜನೆಯಲ್ಲಿ ಪ್ರತಿ ಮನೆಗೂ ಅದರ ಹಿಂದಿನ ಸರಾಸರಿ ಬಳಕೆಯ ಆಧಾರದ ಮೇಲೆ ಉಚಿತ ಯೂನಿಟ್ಟುಗಳ ಮಿತಿ ಇದೆ. ಆ ಮಿತಿಯನ್ನು ಮೀರಿದರೂ ತಿಂಗಳ ಬಳಕೆ 200 ಯೂನಿಟ್ಟಿನೊಳಗೆ ಇದ್ದರೆ ಹೆಚ್ಚಿನ ಯೂನಿಟ್ಟುಗಳಿಗೆ ಮಾತ್ರ ಹಣ ತೆರಬೇಕು. 200 ದಾಟಿದರೆ ಪೂರ್ಣ ಬಿಲ್ಲನ್ನು ಕಟ್ಟಬೇಕು.

ಉದಾಹರಣೆಗೆ ತಿಂಗಳಿಗೆ 60 ಯೂನಿಟ್ ಬಳಸುವ ಮನೆಯಲ್ಲಿ 2000 ವ್ಯಾಟಿನ ಹೀಟರನ್ನು ದಿನಕ್ಕೆ 4 ಗಂಟೆ ಉರಿಸಿದರೆ ಒಟ್ಟು 300 ಯೂನಿಟ್ಟಾಗಿ ಆ ತಿಂಗಳ ಸೌಲಭ್ಯವೇ ತಪ್ಪುತ್ತದೆ. 800 ವ್ಯಾಟಿನದನ್ನು 3 ಗಂಟೆ ಬಳಸಿದರೆ 72 ಯೂನಿಟ್ ಸೇರಿ 132 ಆಗುತ್ತದೆ. ಉಷ್ಣತೆ ನಿಯಂತ್ರಕ ಇರುವ ಹೀಟರ್ ಕೋಣೆ ಬೆಚ್ಚಗಾದ ಮೇಲೆ ತಾನೇ ನಿಂತು ನಿಂತು ಉರಿಯುವುದರಿಂದ ಬಳಕೆ ಇನ್ನೂ ಕಡಿಮೆಯಾಗುತ್ತದೆ. ಬಾಗಿಲ ಕೆಳಗಿನ ಸಂದಿಗೆ ಗೋಣಿಚೀಲವನ್ನು ಸುರುಳಿ ಸುತ್ತಿ ಇಟ್ಟರೆ ಖರ್ಚಿಲ್ಲದೆ ಶಾಖ ಉಳಿಯುತ್ತದೆ.

ಅಂಗಡಿಯಲ್ಲಿ ನೋಡಬೇಕಾದದ್ದು

ಐಎಸ್‌ಐ ಗುರುತು ಮತ್ತು ಅದರೊಂದಿಗೆ ಸಿಎಂ/ಎಲ್ ಎಂದು ಆರಂಭವಾಗುವ ಪರವಾನಗಿ ಸಂಖ್ಯೆ ಇದೆಯೇ ನೋಡಿ. ಹೀಟರನ್ನು ವಾಲಿಸಿ ನೋಡಿ. ಉರುಳಿದರೆ ತಾನೇ ಆರುವ ಸ್ವಿಚ್ಚು ಇರಬೇಕು. ಅತಿಯಾಗಿ ಕಾದರೆ ನಿಲ್ಲಿಸುವ ರಕ್ಷಕ ಇರಬೇಕು. ಮುಂಭಾಗದ ಜಾಲರಿಯೊಳಗೆ ಮಗುವಿನ ಬೆರಳು ಹೋಗುವಂತಿರಬಾರದು. ಪ್ಲಗ್ಗು ಮೂರು ಕಡ್ಡಿಯದಾಗಿರಲಿ. ರಸೀತಿಯನ್ನು ಕೇಳಿ ಪಡೆಯಿರಿ.

"ಎಣ್ಣೆ ಹೀಟರ್ ಆಮ್ಲಜನಕ ಕಡಿಮೆ ಮಾಡುವುದಿಲ್ಲ, ಉಳಿದವು ಮಾಡುತ್ತವೆ" ಎಂಬ ಮಾತು ಸರಿಯಲ್ಲ. ಯಾವ ವಿದ್ಯುತ್ ಹೀಟರೂ ಆಮ್ಲಜನಕವನ್ನು ಬಳಸುವುದಿಲ್ಲ. ಗಾಳಿ ಒಣಗಿದಂತೆ ಅನಿಸುವುದು ನಿಜ. 14 ಡಿಗ್ರಿಯಲ್ಲಿ ಶೇಕಡಾ 80ರಷ್ಟು ಆರ್ದ್ರತೆಯುಳ್ಳ ಗಾಳಿಯನ್ನು 24 ಡಿಗ್ರಿಗೆ ಕಾಯಿಸಿದರೆ ಆರ್ದ್ರತೆ ಸುಮಾರು 43ಕ್ಕೆ ಇಳಿಯುತ್ತದೆ. ಯಾವ ಹೀಟರಿನಿಂದ ಕಾಯಿಸಿದರೂ ಇಷ್ಟೇ. ಅಗಲ ಬಾಯಿಯ ಪಾತ್ರೆಯಲ್ಲಿ ನೀರು ತುಂಬಿ ಕೋಣೆಯ ಮೂಲೆಯಲ್ಲಿ, ಹೀಟರ್ ಮತ್ತು ತಂತಿಯಿಂದ ದೂರವಾಗಿ ಇಟ್ಟರೆ ಸ್ವಲ್ಪ ಮಟ್ಟಿಗೆ ಸರಿಹೋಗುತ್ತದೆ.

ಬಾಣಂತಿ, ಕೂಸು ಮತ್ತು ವೃದ್ಧರು

ಹುಟ್ಟಿದ ಕೂಸಿಗೆ 25ರಿಂದ 28 ಡಿಗ್ರಿ ಉಷ್ಣತೆಯ ಕೋಣೆ ಹಿತ. ತಾಯಿಯ ಎದೆಗೆ ಅಂಟಿಸಿಕೊಂಡು, ತಲೆಗೆ ಟೊಪ್ಪಿಗೆ ಹಾಕಿ ಬೆಚ್ಚಗಿಡುವುದು ಎಲ್ಲಕ್ಕಿಂತ ಮೇಲು; ಹೀಟರ್ ಅದಕ್ಕೆ ಸಹಾಯಕ ಮಾತ್ರ. ತೊಟ್ಟಿಲಿನ ಕಡೆಗೆ ನೇರವಾಗಿ ಬಿಸಿ ಬೀಸುವಂತೆ ಇಡಬಾರದು. ಕೂಸಿನ ಕತ್ತಿನ ಹಿಂದೆ ಬೆವರು ಕಂಡರೆ ಬಿಸಿ ಹೆಚ್ಚಾಯಿತೆಂದು ತಿಳಿದು ಹೀಟರನ್ನು ಆರಿಸಬೇಕು. ಎಣ್ಣೆಸ್ನಾನದ ದಿನ ಹೀಟರನ್ನು ಬಚ್ಚಲಿಗೆ ಒಯ್ಯುವುದು ಪ್ರಾಣಾಪಾಯ. ನೀರು ಮತ್ತು ವಿದ್ಯುತ್ತು ಒಂದೆಡೆ ಸೇರಬಾರದು.

ವಿಶ್ವ ಆರೋಗ್ಯ ಸಂಸ್ಥೆಯು 2018ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ ಚಳಿಗಾಲದಲ್ಲಿ ಮನೆಯೊಳಗೆ 18 ಡಿಗ್ರಿಯಾದರೂ ಇರಲೆಂದು ಹೇಳಿದೆ. ವೃದ್ಧರಿಗೆ ಇನ್ನೂ ಸ್ವಲ್ಪ ಹೆಚ್ಚು ಬೇಕಾಗಬಹುದು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಕಡಿಮೆಯಾದವರು ಕಂಬಿ ಹೀಟರಿನ ಹತ್ತಿರ ಕಾಲು ಚಾಚಿ ಕೂರಬಾರದು. ಸುಟ್ಟರೂ ಅವರಿಗೆ ತಿಳಿಯದು.

ನೆನಪಿಡಬೇಕಾದ ಅಂಶಗಳು

1. ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟು ಮಲಗಬೇಡಿ.
2. ಮೊದಲು ತಂತಿ, ಸಾಕೆಟ್ಟು, ಅರ್ಥಿಂಗ್; ಅನಂತರ ಹೀಟರ್.
3. ಹಂಚಿನ, ತಗಡಿನ ಮನೆಗೆ ಕಂಬಿ ಹೀಟರ್; ಮುಚ್ಚಿದ ಮಲಗುವ ಕೋಣೆಗೆ ಎಣ್ಣೆ ತುಂಬಿದ ಹೀಟರ್.
4. ಹೀಟರಿನ ಸುತ್ತ ಮೂರು ಅಡಿ ಜಾಗ ಬಿಡಿ. ಹತ್ತಿ, ಗೋಣಿಚೀಲ, ಸೊಪ್ಪೆ, ಡೀಸೆಲ್, ಔಷಧಿ ಡಬ್ಬಿಗಳನ್ನು ಇಟ್ಟಿರುವ ಕೋಣೆಯಲ್ಲಿ ಹೀಟರ್ ಬೇಡ.
5. ಹೀಟರಿನ ಮೇಲೆ ಬಟ್ಟೆ ಒಣಗಿಸಬೇಡಿ. ತಂತಿಯನ್ನು ಹಾಸಿಗೆ, ಚಾಪೆಯ ಕೆಳಗೆ ಹಾಯಿಸಬೇಡಿ.
6. ಹಾಕಿದ ಅರ್ಧ ಗಂಟೆಯ ಮೇಲೆ ಹೀಟರನ್ನು ಆರಿಸಿ ಪ್ಲಗ್ಗನ್ನು ಮುಟ್ಟಿ ನೋಡಿ. ಅದು ಸುಡುವಂತಿದ್ದರೆ ಬಳಸುವುದನ್ನು ನಿಲ್ಲಿಸಿ, ಅರಿತ ಕೆಲಸಗಾರರಿಗೆ ತೋರಿಸಿ.

ಶಿವರಾತ್ರಿಗೆ ಚಳಿ 'ಶಿವ ಶಿವ' ಎಂದು ಹೊರಟುಹೋಗುತ್ತದೆ ಎನ್ನುತ್ತಾರೆ. ಆಗ ಹೀಟರಿನ ಧೂಳು ಒರೆಸಿ, ತಂತಿಯನ್ನು ಸಡಿಲವಾಗಿ ಸುತ್ತಿ, ಇಲಿ ಮುಟ್ಟದ ಕಡೆ ಎತ್ತಿಡಿ. ಮರುವರ್ಷ ಹೊರತೆಗೆದಾಗ ತಂತಿಯನ್ನು ಮೊದಲಿನಿಂದ ಕೊನೆಯವರೆಗೆ ಕೈಯಾಡಿಸಿ ನೋಡಿ, ಎಲ್ಲಿಯೂ ಇಲಿ ಕಡಿದಿಲ್ಲವೆಂದು ಖಚಿತವಾದ ಮೇಲೆಯೇ ಪ್ಲಗ್ಗು ಹಾಕಿ.